ಹನೌಮಾ ಕೊಲ್ಲಿಯಲ್ಲಿ ಅಜ್ಜನ ಈಜು

ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಂದಿರಿಗೆಲ್ಲ ಒಂದು ದೌರ್ಬಲ್ಯ ಇರುತ್ತದೆ. ಕಥೆ ಹೇಳುತ್ತಾ ಹೇಳುತ್ತಾ ರಾಜಕುಮಾರನ ಜಾಗಕ್ಕೆ ಮೆಲ್ಲಗೆ ತಾವೇ ಬಂದು ಕೂತುಬಿಡುತ್ತಾರೆ. ನಾನೂ ಅದಕ್ಕೆ ಹೊರತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮಗಳು ಪುಟ್ಟಿಗೆ ಪ್ರತಿ ಭಾನುವಾರ ವಿಡಿಯೊ ಕಾಲ್‌ನಲ್ಲಿ ಒಂದು ಕಥೆ ಹೇಳುವುದು ನನ್ನ ನಿವೃತ್ತ ಜೀವನದ ಮುಖ್ಯ ಕೆಲಸ. ಆ ಕಥೆಗಳಲ್ಲಿ ಅವಳಿಗೆ ಬಹಳ ಇಷ್ಟವಾದದ್ದು, ನಾನು ಹುಡುಗನಾಗಿದ್ದಾಗ ತೀರ್ಥಹಳ್ಳಿಯಲ್ಲಿ ತುಂಬಿ ಹರಿಯುವ ತುಂಗೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ದಾಟಿದ ಕಥೆ. ಮೊದಲ ಸಲ ಹೇಳಿದಾಗ ಬರೀ ಪ್ರವಾಹ ಇತ್ತು. ನಾಲ್ಕನೆಯ ಸಲ ಹೇಳುವ ಹೊತ್ತಿಗೆ ಒಂದು ಮೊಸಳೆಯೂ ಸೇರಿಕೊಂಡಿತ್ತು.

ನಿಜ ಏನೆಂದರೆ, ನನಗೆ ಈಜು ಬರುವುದಿಲ್ಲ.

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಕ್ಯಾಶ್ ಕೌಂಟರಿನಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಂಥವನು ಒಂದು ಮಗುವಿನ ಎದುರು ಇಷ್ಟು ದೊಡ್ಡ ಸುಳ್ಳು ಲೆಕ್ಕ ಬರೆದಿಟ್ಟಿದ್ದೆ. ಅದು ತಾಳೆಯಾಗುವ ದಿನ ಬಂದೇ ಬಂತು. ಬಂದದ್ದು ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ.

ಟೋಕನ್ ಪಡೆದು ಸಮುದ್ರಕ್ಕೆ

ಕಳೆದ ಸಲ ಮಗಳ ಮನೆಗೆ ಹೋಗಿದ್ದಾಗ, ರಜೆಯಲ್ಲಿ ಎಲ್ಲರೂ ಹವಾಯಿಗೆ ಹೊರಟೆವು. ಕ್ಯಾಲಿಫೋರ್ನಿಯಾದಿಂದ ವಿಮಾನದಲ್ಲಿ ಐದು ಗಂಟೆಗೂ ಹೆಚ್ಚಿನ ಪ್ರಯಾಣ. ಅಷ್ಟೂ ಹೊತ್ತು ಕೆಳಗೆ ಬರೀ ನೀಲಿ ನೀರು. ರಾಜಧಾನಿ ಹೊನೊಲುಲು ಇರುವುದು ಓವಾಹು ಎಂಬ ದ್ವೀಪದಲ್ಲಿ. ಅದೇ ದ್ವೀಪದ ಆಗ್ನೇಯ ಮೂಲೆಯಲ್ಲಿ, ಊರಿನಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಹನೌಮಾ ಕೊಲ್ಲಿ ಇದೆ. ಹವಾಯಿ ಭಾಷೆಯಲ್ಲಿ 'ಹನ' ಎಂದರೇ ಕೊಲ್ಲಿ. ನಾವು 'ಹನೌಮಾ ಕೊಲ್ಲಿ' ಎನ್ನುವುದು 'ಗೇಟು ಬಾಗಿಲು' ಎಂದಂತೆ!

ಇದು ಒಂದು ಕಾಲದ ಜ್ವಾಲಾಮುಖಿಯ ಬಾಯಿ. ಸಾವಿರಾರು ವರ್ಷಗಳ ಹಿಂದೆ ಭೂಮಿಯೊಳಗಿನ ಬೆಂಕಿ ಸ್ಫೋಟಿಸಿ, ಬೂದಿ ಬಿದ್ದು ಬಿದ್ದು ಗಟ್ಟಿಯಾಗಿ ದೊಡ್ಡ ಬಟ್ಟಲಿನಂಥ ಗುಡ್ಡವಾಯಿತು. ಆಮೇಲೆ ಸಮುದ್ರದ ಅಲೆಗಳು ಬಡಿದು ಬಡಿದು ಬಟ್ಟಲಿನ ಒಂದು ಅಂಚು ಒಡೆಯಿತು, ನೀರು ಒಳಗೆ ನುಗ್ಗಿತು. ಈಗ ಮೂರು ಕಡೆ ಎತ್ತರದ ಗೋಡೆ, ಒಂದು ಕಡೆ ಸಮುದ್ರ, ನಡುವೆ ಶಾಂತ ನೀರು. ಆ ನೀರಿನಲ್ಲಿ ಹವಳದ ದಿಬ್ಬಗಳು, ಬಣ್ಣಬಣ್ಣದ ಮೀನುಗಳು, ಹಸಿರು ಆಮೆಗಳು.

ಅಲ್ಲಿಗೆ ನಾವು ನಮ್ಮ ಸಮುದ್ರ ತೀರಗಳಿಗೆ ಹೋದಂತೆ ಚಾಪೆ ಸುತ್ತಿಕೊಂಡು ಹೋಗುವ ಹಾಗಿಲ್ಲ. ಎರಡು ದಿನ ಮೊದಲೇ ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ಕಂಪ್ಯೂಟರಿನಲ್ಲಿ ಜಾಗ ಕಾದಿರಿಸಬೇಕು. ಅಳಿಯ ಆರೂವರೆಗೇ ಎದ್ದು ಕೂತಿದ್ದರು. "ಮಾವ, ಐದು ನಿಮಿಷ ತಡವಾದರೆ ಎಲ್ಲ ಭರ್ತಿ" ಎಂದರು. ನನಗೆ ನಮ್ಮ ಬ್ಯಾಂಕಿನ ಹಿತ್ತಾಳೆ ಟೋಕನ್ ನೆನಪಾಯಿತು. ಹೊರಗಿನಿಂದ ಬಂದ ದೊಡ್ಡವರಿಗೆ ತಲಾ 25 ಡಾಲರ್. 12 ವರ್ಷದವರೆಗಿನ ಮಕ್ಕಳಿಗೂ ಹವಾಯಿಯ ನಿವಾಸಿಗಳಿಗೂ ಉಚಿತ. ಸೋಮವಾರ, ಮಂಗಳವಾರ ಕೊಲ್ಲಿಗೆ ಬಾಗಿಲು. "ಸಮುದ್ರಕ್ಕೂ ವಾರದ ರಜೆಯೇ?" ಎಂದು ನನ್ನ ಹೆಂಡತಿ ನಕ್ಕಳು. ಹೌದು, ಮೀನುಗಳಿಗೆ ರಜೆ. ಆ ಎರಡು ದಿನ ಅವು ನಮ್ಮ ಕೈಕಾಲುಗಳ ಕಾಟವಿಲ್ಲದೆ ಇರುತ್ತವೆ.

ಜಾಗ ಸಿಕ್ಕಿದ ಸಂಭ್ರಮದಲ್ಲಿ ಪುಟ್ಟಿ ಬಂದು ನನ್ನ ಕತ್ತಿಗೆ ಜೋತುಬಿದ್ದಳು. ಅವಳಿಗೆ ಹತ್ತು ವರ್ಷ. ಐದರಿಂದಲೂ ಈಜು ಕಲಿತಿದ್ದಾಳೆ. "ಅಜ್ಜ, ಅಲ್ಲಿ ಒಬ್ಬೊಬ್ಬರೇ ನೀರಿಗೆ ಹೋಗಬಾರದು, ಜೋಡಿಯಾಗಿ ಹೋಗಬೇಕು. ಅಪ್ಪ ಅಮ್ಮ ಒಂದು ಜೋಡಿ. ನಾನು ನೀನು ಒಂದು ಜೋಡಿ. ನೀನು ತುಂಗೆ ದಾಟಿದವನಲ್ವಾ!"

ನಾನು "ಹೂಂ" ಎಂದೆ. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ತೆಂಗಿನಮರ ನೋಡಿದೆ.

ಒಂಬತ್ತು ನಿಮಿಷದ ಪಾಠ

ಕೊಲ್ಲಿಯ ಮೇಲ್ಭಾಗದಲ್ಲಿ ಒಂದು ಶಿಕ್ಷಣ ಕೇಂದ್ರ ಇದೆ. 2002ರಲ್ಲಿ ಆರಂಭವಾದದ್ದು. ಯಾರೇ ಆಗಲಿ, ಕೆಳಗೆ ಇಳಿಯುವ ಮೊದಲು ಅಲ್ಲಿ ಕೂತು ಸುಮಾರು ಒಂಬತ್ತು ನಿಮಿಷದ ಒಂದು ಚಿತ್ರ ನೋಡಲೇಬೇಕು. ಆ ಪಾಠ ನನಗೆ ಬಹಳ ಹಿಡಿಸಿತು.

ಮಕ್ಕಳೇ, ಹವಳ ಎಂದರೆ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಸಾಸಿವೆ ಕಾಳಿನಷ್ಟು ಚಿಕ್ಕ ಜೀವಿಗಳು ಸಾವಿರಾರು ಒಟ್ಟಾಗಿ ಸೇರಿ, ಸಮುದ್ರದ ನೀರಿನಿಂದ ಸುಣ್ಣ ತೆಗೆದು ತಮಗೆ ತಾವೇ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಮಾಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಮನೆ ಕೊಡುತ್ತದೆ. ಹವಾಯಿಯಲ್ಲಿ ಸಾಮಾನ್ಯವಾಗಿ ಕಾಣುವ ಗುಡ್ಡೆಗುಡ್ಡೆಯಾದ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನಗೆ ಈಗ 74. ನಾನು ಹುಟ್ಟಿದ ದಿನ ಹುಟ್ಟಿದ ಹವಳ ಇವತ್ತಿಗೆ ನನ್ನ ಸೊಂಟದ ಎತ್ತರಕ್ಕೂ ಬಂದಿರುವುದಿಲ್ಲ. ಅದರ ಮೇಲೆ ಒಬ್ಬ ಪ್ರವಾಸಿ ಒಂದು ಕ್ಷಣ ಕಾಲಿಟ್ಟು ನಿಂತರೆ ಮುರಿದು ಹೋಗುವುದು ಎಷ್ಟು ವರ್ಷದ ಉಳಿತಾಯ!

ಅದಕ್ಕೇ ಅಲ್ಲಿನ ನಿಯಮ: ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ, ನಿಲ್ಲುವುದಿದ್ದರೆ ಮರಳಿನ ಮೇಲೆ ನಿಲ್ಲಿ. ಮೀನು, ಆಮೆಗಳನ್ನು ಅಟ್ಟಿಸಿಕೊಂಡು ಹೋಗಬೇಡಿ. ಕಪ್ಪೆಚಿಪ್ಪು, ಕಲ್ಲು, ಮರಳು ಯಾವುದನ್ನೂ ಮನೆಗೆ ಒಯ್ಯಬೇಡಿ. ಮೈಗೆ ಹಚ್ಚುವ ಬಿಸಿಲಿನ ಕ್ರೀಮಿಗೂ ನಿಯಮ ಇದೆ. ಹವಳಕ್ಕೆ ಹಾನಿ ಮಾಡುತ್ತವೆ ಎಂದು ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಕ್ರೀಮುಗಳ ಮಾರಾಟವನ್ನು ಹವಾಯಿ ರಾಜ್ಯ 2021ರ ಜನವರಿ 1ರಿಂದ ನಿಲ್ಲಿಸಿದೆ. ನಾವು ತುಂಬುತೋಳಿನ ಬನಿಯನ್ ಹಾಕಿಕೊಂಡು ಹೋಗಿದ್ದೆವು. ಅದೇ ಒಳ್ಳೆಯದು.

"ಮೀನುಗಳಿಗೆ ತಿನಿಸು ಹಾಕಬೇಡಿ" ಎಂದಾಗ ಮಾತ್ರ ನನ್ನ ಕೈ ತಾನಾಗಿ ಚೀಲದ ಮೇಲೆ ಹೋಯಿತು. ಅದರಲ್ಲಿ ಒಂದು ಪೊಟ್ಟಣ ಮಂಡಕ್ಕಿ ಇತ್ತು.

ನಮ್ಮ ಕಡೆಯವರಿಗೆ ಇದು ಹೇಳದೆಯೇ ಅರ್ಥವಾಗುತ್ತದೆ. ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕದೆ ಯಾರು ಬರುತ್ತಾರೆ? ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲೂ ಹಾಗೇ. ಅಲ್ಲಿ ಮೀನುಗಳು ದೇವರ ಮೀನುಗಳು, ಯಾರೂ ಹಿಡಿಯುವ ಹಾಗಿಲ್ಲ. ನಾನು ಹವಾಯಿಯ ಮೀನಿಗೂ ನಮ್ಮ ಊರಿನ ಉಪಚಾರ ಮಾಡೋಣ ಎಂದು ಇಂಡಿಯನ್ ಅಂಗಡಿಯಿಂದ ತಂದಿಟ್ಟುಕೊಂಡಿದ್ದೆ.

ಅಲ್ಲಿಯೂ ಹಿಂದೆ ಜನ ಬ್ರೆಡ್ಡು, ಬಟಾಣಿ ಎಲ್ಲ ಹಾಕುತ್ತಿದ್ದರಂತೆ. ಹಾಕಿ ಹಾಕಿ ಏನಾಯಿತು? ಜೋರಿರುವ ಕೆಲವು ಜಾತಿಯ ಮೀನುಗಳೇ ಹೆಚ್ಚಾದವು. ಮನುಷ್ಯರ ಕೈಗೇ ಬಾಯಿ ಹಾಕತೊಡಗಿದವು. ಮೀನುಗಳ ನಿಜವಾದ ಉದ್ಯೋಗವೆಂದರೆ ಹವಳದ ಮೇಲೆ ಬೆಳೆಯುವ ಪಾಚಿಯನ್ನು ಮೇಯುವುದು. ದನ ಮೇಯದ ಗದ್ದೆಯಂಚಿನಲ್ಲಿ ಕಳೆ ತುಂಬುವ ಹಾಗೆ, ಮೀನು ಮೇಯದಿದ್ದರೆ ಪಾಚಿ ಬೆಳೆದು ಹವಳದ ಉಸಿರು ಕಟ್ಟುತ್ತದೆ. ಅದಕ್ಕಾಗಿ 1999ರಲ್ಲಿ ತಿನಿಸು ಹಾಕುವುದನ್ನು ನಿಷೇಧಿಸಿದರು. ಪುಟ್ಟಿ ನನ್ನ ಚೀಲವನ್ನೂ ಮುಖವನ್ನೂ ನೋಡಿ, "ಅಜ್ಜ, ಅದನ್ನು ನಾವೇ ತಿನ್ನೋಣ" ಎಂದು ಪಿಸುಗುಟ್ಟಿದಳು.

ಚಿತ್ರದ ಕೊನೆಗೆ ಇನ್ನೊಂದು ಮಾತು ಬಂತು. ಹವಾಯಿಯಲ್ಲಿ ಎಲ್ಲ ಕಡೆ ಹೇಳುವ ಮಾತು ಅದು: ಸಂಶಯವಿದ್ದರೆ ನೀರಿಗೆ ಇಳಿಯಬೇಡಿ. ಆ ರಾಜ್ಯದ ಕಡಲಿನಲ್ಲಿ ಮುಳುಗಿ ಸಾಯುವ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಸ್ನಾರ್ಕೆಲಿಂಗ್ ಮಾಡುತ್ತಿದ್ದವರೇ. ಅವರಲ್ಲೂ ನಡುವಯಸ್ಸು ದಾಟಿದವರೇ ಹೆಚ್ಚು. ಸ್ನಾರ್ಕೆಲಿಂಗ್ ಎಂದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಹಾಕಿ, ಬಾಯಿಗೆ ಒಂದು ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನದನ್ನು ನೋಡುವುದು. ನೋಡುವವರಿಗೆ ಸುಲಭ ಎನಿಸುತ್ತದೆ. ಆದರೆ ಆ ಕೊಳವೆಯಲ್ಲಿ ಉಸಿರಾಡುವುದು ಎದೆಗೆ ಶ್ರಮ. ಒಂದು ಗುಟುಕು ನೀರು ಒಳಗೆ ಹೋದರೆ ಗಾಬರಿ. ಗಾಬರಿಯಾದ ಮನುಷ್ಯ ಪಕ್ಕದಲ್ಲಿ ಸಿಕ್ಕಿದವರನ್ನು ಹಿಡಿದುಕೊಳ್ಳುತ್ತಾನೆ.

ನನ್ನ ಪಕ್ಕದಲ್ಲಿ ಇರುವವಳು ಪುಟ್ಟಿ. ಬೆನ್ನಿನ ಮೇಲೆ ತಣ್ಣೀರು ಸುರಿದ ಹಾಗಾಯಿತು.

ನಿಜ ಹೇಳಿದೆ

ಕಡಿದಾದ ರಸ್ತೆಯಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡು ಕೆಳಗೆ ಇಳಿದೆವು. ತೆಂಗಿನ ಮರ, ಬಿಳಿ ಮರಳು, ಜೀವರಕ್ಷಕರ ಎತ್ತರದ ಕುರ್ಚಿಗಳು. ನೀರು ದಡದಲ್ಲಿ ಗಾಜಿನ ಹಾಗೆ, ಮುಂದೆ ಹಸಿರು, ಆಚೆ ಕಡುನೀಲಿ. ಪುಟ್ಟಿ ಆಗಲೇ ಮುಖವಾಡ ಹಾಕಿಕೊಂಡು, ನನ್ನದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಪುಟ್ಟಿ, ಇಲ್ಲಿ ಕೂತ್ಕೋ" ಎಂದೆ.

ಅವಳು ಕೂತಳು. ಎಪ್ಪತ್ತನಾಲ್ಕು ವರ್ಷದವನಿಗೆ ಹತ್ತು ವರ್ಷದವಳ ಮುಂದೆ ಬಾಯಿ ಒಣಗಿತು. "ನನಗೆ ಈಜು ಬರಲ್ಲ. ನಾನು ತುಂಗೆ ದಾಟಿಲ್ಲ."

ಅವಳು ಮುಖವಾಡ ತೆಗೆದಳು. "ಮೊಸಳೆ?"

"ಮೊಸಳೆಯೂ ಇರಲಿಲ್ಲ."

ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನನಗೆ ಹನ್ನೊಂದು ವರ್ಷ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಹೊಳೆಯಲ್ಲಿ ಇನ್ನೂ ನೀರಿನ ಸೆಳೆತ ಇತ್ತು. ಗೆಳೆಯರ ಎದುರು ಜಂಬ ಮಾಡಲು ಹೋಗಿ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿದೆ. ನೀರು ಎಳೆದುಕೊಂಡು ಹೋಯಿತು. ಸ್ವಲ್ಪ ಕೆಳಗೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಕೈಯಲ್ಲಿದ್ದ ಒದ್ದೆ ಸೀರೆಯನ್ನು ಬೀಸಿ ಎಸೆದಳು. ಅದರ ತುದಿ ನನ್ನ ಕೈಗೆ ಸಿಕ್ಕಿತು. ಅವಳ ಹೆಸರು ಕೂಡ ನನಗೆ ಗೊತ್ತಿಲ್ಲ. ಅವತ್ತಿನಿಂದ ನಾನು ಹೊಳೆಯ ಮೊದಲ ಮೆಟ್ಟಿಲು ಬಿಟ್ಟು ಕೆಳಗೆ ಇಳಿದವನಲ್ಲ. ಮನೆಯಲ್ಲೂ ಹೇಳಲಿಲ್ಲ, ಹೆದರಿಕೆ ಎಂದು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಪುಟ್ಟಿ ಬಹಳ ಹೊತ್ತು ಮರಳಿನಲ್ಲಿ ಬೆರಳಾಡಿಸುತ್ತಾ ಕೂತಳು. ಕಣ್ಣು ತುಂಬಿತ್ತು. ನಾನು ಸುಳ್ಳು ಹೇಳಿದ್ದಕ್ಕೋ, ಹೊಳೆಯಲ್ಲಿ ಹೋಗುತ್ತಿದ್ದೆ ಎಂಬುದಕ್ಕೋ ತಿಳಿಯಲಿಲ್ಲ. ಕೇಳಲೂ ಇಲ್ಲ. ಕೊನೆಗೆ ಎದ್ದು ಅವಳ ಅಪ್ಪನ ಕೈ ಹಿಡಿದು ನೀರಿಗೆ ಹೋದಳು. ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಹೆಂಡತಿ ಪಕ್ಕದಲ್ಲಿ ಬಂದು ಕೂತು, "ಇವತ್ತಾದರೂ ಹೇಳಿದಿರಲ್ಲ" ಎಂದಳು. ಅವಳಿಗೂ ಸೀರೆಯ ವಿಷಯ ಅವತ್ತೇ ಗೊತ್ತಾದದ್ದು.

ಸೊಂಟಮಟ್ಟದ ನೀರಿನಲ್ಲಿ

ಅರ್ಧ ಗಂಟೆ ಕಳೆದಿರಬೇಕು. ಮೈಯೆಲ್ಲ ನೀರು ತೊಟ್ಟಿಕ್ಕಿಸುತ್ತಾ ಪುಟ್ಟಿ ನನ್ನ ಮುಂದೆ ನಿಂತಳು.

"ಅಜ್ಜ, ಎದ್ದೇಳು. ನೀನು ಈಜಬೇಡ. ಮರಳಿರುವ ಕಡೆ ಸೊಂಟದವರೆಗೆ ನೀರಿನಲ್ಲಿ ನಿಂತ್ಕೋ. ಮುಖ ಮಾತ್ರ ಒಳಗೆ ಹಾಕು. ಅಪ್ಪ ಒಂದು ಕೈ ಹಿಡಿತಾರೆ, ನಾನು ಒಂದು ಕೈ."

ಜೀವರಕ್ಷಕನ ಕುರ್ಚಿಯ ಎದುರಿಗೇ, ಹವಳದ ದಿಬ್ಬಗಳ ನಡುವೆ ಮರಳು ಹಾಸಿದ ಒಂದು ಕೊಳದಂಥ ಜಾಗ ಇತ್ತು. ಅಳಿಯ ನನಗೆ ತೇಲುವ ಜಾಕೆಟ್ಟು ತೊಡಿಸಿದರು. ಕಣ್ಣಿನ ಪೊರೆಯ ಆಪರೇಷನ್ ಆಗಿರುವುದರಿಂದ ದೂರ ನೋಡಲು ಕನ್ನಡಕ ಬೇಡ. ತೊಂದರೆ ಕೊಟ್ಟದ್ದು ನನ್ನ ಮೀಸೆ! ಮೀಸೆಯ ಸಂದಿಯಿಂದ ಮುಖವಾಡದೊಳಗೆ ನೀರು ಜಿನುಗುತ್ತದೆ. ಬ್ಯಾಂಕಿನಲ್ಲಿ ಎಲ್ಲರೂ ಮೆಚ್ಚಿದ ಮೀಸೆಗೆ ಅಲ್ಲಿ ಬೆಲೆ ಇರಲಿಲ್ಲ. ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ನೀರು ಚೆಲ್ಲಿ ಮತ್ತೆ ಬಗ್ಗುವುದು.

ಮೊದಲ ಸಲ ಮುಖ ಒಳಗೆ ಹಾಕಿದಾಗ ಉಸಿರು ಹಿಡಿದೇಬಿಟ್ಟೆ. ಕಿವಿಯಲ್ಲಿ ಅದೇ ತುಂಗೆಯ ಸದ್ದು. ಕೈ ಬಿಗಿಯಾಯಿತು. ಪುಟ್ಟಿ ನನ್ನ ಅಂಗೈಯನ್ನು ಎರಡು ಸಲ ಒತ್ತಿದಳು. ಉಸಿರು ಬಿಟ್ಟೆ. ಕಣ್ಣು ಬಿಟ್ಟೆ.

ಏನು ಹೇಳಲಿ! ನನ್ನ ಕಾಲಿನ ಪಕ್ಕದಲ್ಲೇ, ಮೈಮೇಲೆ ಕಪ್ಪು ಗೆರೆ ಎಳೆದ ಬೆಳ್ಳನೆಯ ಪುಟ್ಟ ಮೀನುಗಳ ಒಂದು ಹಿಂಡು. ಅವುಗಳ ಹೆಸರು ಮನಿನಿ. ಶಾಲೆ ಬಿಟ್ಟಾಗ ಮಕ್ಕಳು ಬರುವ ಹಾಗೆ ಒಟ್ಟಾಗಿ ಬಂದವು, ಬಂಡೆಯ ಪಾಚಿಯನ್ನು ಪಟಪಟನೆ ಮೇಯ್ದವು, ಒಟ್ಟಾಗಿ ಹೊರಟುಹೋದವು. ಆಮೇಲೆ ನೀಲಿ ಹಸಿರು ಬಣ್ಣದ ಒಂದು ಗಿಳಿಮೀನು ಬಂತು. ಗಿಳಿಯ ಕೊಕ್ಕಿನಂಥ ಗಟ್ಟಿ ಹಲ್ಲು. ಬಂಡೆಯನ್ನು ಕೆರೆಯುವ ಕಟಕಟ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳಿಸಿತು. ಮಕ್ಕಳೇ, ಈ ಮೀನು ಪಾಚಿಯ ಜೊತೆ ಸುಣ್ಣದ ಚೂರನ್ನೂ ನುಂಗಿ, ಅರೆದು, ಹಿಂದಿನಿಂದ ಮರಳಾಗಿ ಬಿಡುತ್ತದೆ. ದೊಡ್ಡ ಗಿಳಿಮೀನು ಒಂದು ವರ್ಷದಲ್ಲಿ ನೂರಾರು ಕಿಲೋ ಮರಳು ಮಾಡಬಲ್ಲದು. ನಾವು ಬಿಳಿ ಮರಳು ಎಂದು ಮೆಚ್ಚಿಕೊಂಡು ಕೂತ ದಡದಲ್ಲಿ ಅದರ ಪಾಲೂ ಇದೆ. ಪುಟ್ಟಿಗೆ ಇದು ಮೊದಲೇ ಗೊತ್ತಿತ್ತು. ನಾನು ತಲೆ ಎತ್ತುವುದನ್ನೇ ಕಾದು, "ಅಜ್ಜ, ನೀನು ನಿಂತಿರೋದು ಮೀನಿನ ಕಕ್ಕದ ಮೇಲೆ!" ಎಂದು ಕೇಕೆ ಹಾಕಿದಳು. ಆ ನಗು ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು.

ಹವಾಯಿಯ ರಾಜ್ಯ ಮೀನನ್ನೂ ಅಲ್ಲೇ ನೋಡಿದೆ. ಅದರ ಹೆಸರು ಹುಮುಹುಮುನುಕುನುಕುಆಪುಅಅ. ಒಂದೇ ಉಸಿರಿನಲ್ಲಿ ಹೇಳಿ ನೋಡೋಣ! ಹಂದಿಯ ಹಾಗೆ ಮೂತಿ ಇರುವ ಮೀನು ಎಂದು ಅರ್ಥವಂತೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಹೆಸರು ಮಾತ್ರ ಮೈಯಿಗಿಂತ ಉದ್ದ. ಕೊಲ್ಲಿಯ ಹೊರಭಾಗದ ಆಳದಲ್ಲಿ ಜೀವಂತ ಹವಳ ಇನ್ನೂ ಹೆಚ್ಚಿದೆಯಂತೆ. ಅದು ಚೆನ್ನಾಗಿ ಈಜುವವರ ಜಾಗ. ನನಗೆ ಸೊಂಟಮಟ್ಟದ ನೀರೇ ಸಾಕಾಯಿತು.

ಅಸಲು ಮತ್ತು ಬಡ್ಡಿ

ಮೇಲೆ ಹತ್ತಿ ಬಂದು ಹುಲ್ಲಿನ ಮೇಲೆ ಕೂತು ಚಟ್ನಿಪುಡಿ ಕಲಸಿದ ಮಂಡಕ್ಕಿ ತಿಂದೆವು. ಹಕ್ಕಿಗಳು ಸುತ್ತ ಬಂದವು. ಒಂದು ಕಾಳೂ ಹಾಕಲಿಲ್ಲ. ಕೆಳಗೆ ಕೊಲ್ಲಿ ಕಾಣುತ್ತಿತ್ತು.

ಹನೌಮಾ 1967ರಲ್ಲೇ ಹವಾಯಿಯ ಮೊದಲ ಸಂರಕ್ಷಿತ ಕಡಲ ಪ್ರದೇಶವಾಯಿತು. ಮೀನು ಹಿಡಿಯುವುದು ನಿಂತಿತು, ಮೀನುಗಳು ಹೆಚ್ಚಿದವು. ಮೀನು ಹೆಚ್ಚಿದಂತೆ ನೋಡುವ ಜನ ಹೆಚ್ಚಿದರು. ಒಂದು ಕಾಲದಲ್ಲಿ ವರ್ಷಕ್ಕೆ 30 ಲಕ್ಷ ಮಂದಿ ಬರುತ್ತಿದ್ದರಂತೆ. ಬಲೆಯಿಂದ ಉಳಿದ ಕೊಲ್ಲಿ ಪ್ರೀತಿಯಿಂದಲೇ ಸಾಯುವ ಹಾಗಾಯಿತು. ದಡದ ಹತ್ತಿರದ ಹವಳ ತುಳಿತಕ್ಕೆ ಸಿಕ್ಕಿತು, ನೀರು ಕದಡಿತು. 1990ರಿಂದ ಈಚೆಗೆ ಒಂದೊಂದೇ ಕಟ್ಟುಪಾಡು ತಂದರು. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಕೊಲ್ಲಿಗೆ ಪೂರ್ತಿ ಬೀಗ ಬಿತ್ತು. ಡಿಸೆಂಬರಿನಲ್ಲಿ ಮತ್ತೆ ತೆರೆಯುವ ಹೊತ್ತಿಗೆ ನೀರು ತಿಳಿಯಾಗಿತ್ತು. ಮನುಷ್ಯ ಸ್ವಲ್ಪ ದೂರ ನಿಂತರೆ ಸಾಕು ಎಂದು ಕಣ್ಣಿಗೆ ಕಂಡಿತು. ಹಾಗಾಗಿ ಈಗ ದಿನಕ್ಕೆ ಸುಮಾರು 1,400 ಮಂದಿಗೆ ಮಾತ್ರ ಜಾಗ.

ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಗುತ್ತದೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವ ಮನೆ ಉಳಿಯುತ್ತದೆ. ಹವಳ, ಮೀನು, ತಿಳಿನೀರು ಅಸಲು. ನೋಡಿದ ಸಂತೋಷ ಬಡ್ಡಿ. ನಮ್ಮ ಹಿರಿಯರು ಚಿಬ್ಬಲಗುಡ್ಡೆಯಲ್ಲಿ ದೇವರ ಹೆಸರಿನಲ್ಲಿ ಅಸಲು ಕಾಯ್ದರು. ಹನೌಮಾದಲ್ಲಿ ಕಾನೂನಿನ ಹೆಸರಿನಲ್ಲಿ ಕಾಯುತ್ತಿದ್ದಾರೆ. ನಮ್ಮ ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪಕ್ಕೂ ಈಗ ಮೀನು, ಹವಳ ನೋಡಲು ಜನ ಹೋಗುತ್ತಾರೆ. ಹೋಗುವವರು ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನನ್ನ ವಯಸ್ಸಿನವರಿಗೆ ನನ್ನ ಅನುಭವದ ಎರಡು ಮಾತು: ರಕ್ತದೊತ್ತಡ, ಎದೆಯ ತೊಂದರೆ ಇದ್ದರೆ ಹೋಗುವ ಮೊದಲೇ ಡಾಕ್ಟರನ್ನು ಕೇಳಿ. ಜೀವರಕ್ಷಕರ ಕಣ್ಣಿಗೆ ಬೀಳುವ ಕಡೆ, ಕಾಲು ಮರಳಿಗೆ ತಾಗುವಷ್ಟೇ ನೀರಿನಲ್ಲಿ ಇರಿ. ಎಲ್ಲಕ್ಕಿಂತ ಮೊದಲು, ಬರದ್ದನ್ನು ಬರುವುದಿಲ್ಲ ಎಂದು ಮೊಮ್ಮಕ್ಕಳಿಗೆ ಹೇಳಿಬಿಡಿ.

ಊರಿಗೆ ಮರಳಿದ ಮೇಲೆ ಮೊದಲ ಭಾನುವಾರ ವಿಡಿಯೊ ಕಾಲ್ ಬಂತು. ಕಥೆ ಕೇಳುತ್ತಾಳೋ ಇಲ್ಲವೋ ಎಂಬ ಅಳುಕು ನನಗಿತ್ತು.

"ಅಜ್ಜ, ಆ ಸೀರೆ ಎಸೆದ ಅಜ್ಜಿಯ ಕಥೆ ಹೇಳು" ಎಂದಳು ಪುಟ್ಟಿ. "ಮೊಸಳೆ ಬೇಡ."